ಈಜಿಪ್ಟಿನವರ ಎಡೆ, ನಮ್ಮಪ್ಪನ ಎಲೆ

ತೀರಿಕೊಂಡವರ ವಿಷಯದಲ್ಲಿ ಸುಳ್ಳು ಹೇಳುವುದು ಬಹಳ ಸುಲಭ. ಅವರು ಫೋನ್ ಮಾಡಿ ವಿಚಾರಿಸುವುದಿಲ್ಲ. ಈ ಅನುಕೂಲವನ್ನು ನಾನು ಒಂಬತ್ತು ವರ್ಷ ಬಳಸಿಕೊಂಡಿದ್ದೇನೆ. ಮಳೆಗಾಲದ ಆಟಿ ತಿಂಗಳು ಬಂತೆಂದರೆ, ಗತಿಸಿದ ಹಿರಿಯರಿಗೆ ಅವರಿಷ್ಟದ ಅಡಿಗೆ ಮಾಡಿ, ಅಡಿಗೆಮನೆಯಲ್ಲೇ ಎಲೆ ಹಾಕಿ ಬಡಿಸಿ, ಅವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ತುಳು ಮನೆಗಳ ಪದ್ಧತಿ. ಅಪ್ಪ ತೀರಿಕೊಂಡ ಮೇಲೆ, ಒಬ್ಬನೇ ಮಗನಾದ್ದರಿಂದ ಹೊಣೆ ನನ್ನದು. ಪ್ರತಿ ಆಟಿಯಲ್ಲೂ ಅಮ್ಮ ಮೂಲ್ಕಿಯಿಂದ, "ಅಪ್ಪನಿಗೆ ಬಡಿಸಿದಿಯಾ ಮಗಾ?" ಎಂದು ಕೇಳುವಳು. ನಾನು ಹೆಂಡತಿ ಮಗಳೊಂದಿಗೆ ನೆಲೆಸಿದ ದೋಹಾದ ಅಲ್ ಸದ್ದ್ ಫ್ಲಾಟಿನಲ್ಲಿ ಆಫೀಸಿನ ಬೂಟಿಗೆ ಲೇಸು ಕಟ್ಟುತ್ತ, "ಆಯ್ತಮ್ಮಾ, ಬಂಗುಡೆ ಪುಳಿಮುಂಚಿ ಸಮೇತ" ಎನ್ನುವೆನು. ಸುಳ್ಳು ಗಂಟಲಿನಲ್ಲಿ ಇಳಿಯಬೇಕಾದರೆ ಜೊತೆಗೊಂದು ಹುಳಿಖಾರದ ಪದಾರ್ಥ ಇರಬೇಕು.

ಈ ಸಲ ಆಟಿಗೆ ಅಮ್ಮನೇ ವಿಸಿಟ್ ವೀಸಾದಲ್ಲಿ ಬಂದಿಳಿದಳು. ಹೊರಗಿನ ಬಿಸಿಲಿಗೆ ಹೆದರಿ ಅವಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದೆ. ಅಲ್ಲಿ ಪ್ರಾಚೀನ ಈಜಿಪ್ಟಿನವರ ಮತ್ತು ರೋಮನರಿಗಿಂತ ಮೊದಲು ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ನರ ಕಲಾವಸ್ತುಗಳ ಪ್ರದರ್ಶನ ಬಂದಿತ್ತು. ಅಂದು ಬೆಳಿಗ್ಗೆ ಫೋನಿನಲ್ಲಿ ಓದಿದ ನನ್ನ ಪಾಂಡಿತ್ಯವೂ ಬಂದಿತ್ತು. ಮೊದಲ ಶವಪೆಟ್ಟಿಗೆಯೆದುರೇ ಅಮ್ಮ ಚಪ್ಪಲಿ ಕಳಚಿ ಕೈಮುಗಿದಳು. ಕಾವಲಿನವನು, "ಮಾತಾಜಿ, ಚಪ್ಪಲ್!" ಎಂದು ಬೆರಳು ತೋರಿದ. ನಾನು ಅವಳ ಪರಿಚಯವೇ ಇಲ್ಲದವನಂತೆ ಪಕ್ಕದ ಹೂಜಿಯೊಂದನ್ನು ಆಳವಾಗಿ ಅಧ್ಯಯನ ಮಾಡಿದೆ.

"ಇದೆಂತ ಮಗಾ, ಕಲ್ಲಿನಲ್ಲಿ ರೊಟ್ಟಿ, ಬಾತುಕೋಳಿ?"

"ಸತ್ತವರಿಗೆ ಎಡೆಯಮ್ಮಾ. ಮುಂದೆ ಮಕ್ಕಳು ಬಡಿಸುವುದನ್ನು ಬಿಟ್ಟರೂ ಹಸಿದಿರಬಾರದೆಂದು ಬದುಕಿದ್ದಾಗಲೇ ಕೆತ್ತಿಸಿಕೊಳ್ಳುತ್ತಿದ್ದರಂತೆ."

"ಪಾಪ! ಇವರ ಮಕ್ಕಳೂ ಗಲ್ಫಿಗೆ ಹೋಗಿದ್ರಾ?"

ನಾನು ಅವಸರದಿಂದ ಅವಳನ್ನು ಎಟ್ರುಸ್ಕನ್ನರ ಕೋಣೆಗೆ ದಾಟಿಸಿದೆ. ಅಲ್ಲೂ ಊಟವೇ. ಮಣ್ಣಿನ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಗಂಡಹೆಂಡತಿ ಔತಣಕ್ಕೆ ಬಂದವರಂತೆ ಒಟ್ಟಿಗೆ ಒರಗಿ ಮುಗುಳ್ನಗುತ್ತಿದ್ದರು. ಅಮ್ಮ ಆ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ನನ್ನತ್ತ ತಿರುಗದೆಯೇ, "ಅಲ್ಲ ಮಗಾ, ನಿನ್ನ ಅಡಿಗೆಮನೆಗೆ ಬಾಗಿಲೇ ಇಲ್ಲ. ಅಪ್ಪನಿಗೆ ಬಡಿಸಿ ನೀನು ಮುಚ್ಚಿದ್ದು ಯಾವ ಬಾಗಿಲು?" ಎಂದಳು.

ಒಂಬತ್ತು ವರ್ಷಗಳ ಪುಳಿಮುಂಚಿ ಒಂದು ಕ್ಷಣದಲ್ಲಿ ಹಳಸಿತು. "ಬಡಿಸಲೇ ಇಲ್ಲಮ್ಮಾ" ಎಂದೆ.

"ಬಂದ ದಿನವೇ ಗೊತ್ತಾಯ್ತು. ನೀನಾಗಿ ಹೇಳ್ತಿಯೋ ಅಂತ ಕಾದೆ."

ಮರುದಿನ ಮಧ್ಯಾಹ್ನ ಸೂಪರ್‌ಮಾರ್ಕೆಟ್ಟಿನ ಬಾಳೆಲೆಯಲ್ಲಿ, ಬಾಗಿಲಿದ್ದ ನಮ್ಮ ಮಲಗುವ ಕೋಣೆಯಲ್ಲಿ, ಅಪ್ಪನಿಗೆ ಬಡಿಸಿದೆವು. "ಏಸಿ ಹಾಕಿಡು, ಇಲ್ಲಿಯ ಸೆಕೆ ಅವರಿಗೆ ಅಭ್ಯಾಸ ಇಲ್ಲ" ಎಂದಳು ಅಮ್ಮ.

"ಇಷ್ಟು ದೂರ ಬರ್ತಾರಾ?"

"ಅವರಿಗೆಂತ ವೀಸಾ ಬೇಕಾ ಮಾರಾಯ? ಕರೆಯುವವರು ಬೇಕು, ಅಷ್ಟೇ."

ಮುಚ್ಚಿದ ಬಾಗಿಲಿನ ಹೊರಗೆ ನಿಂತಾಗ ನನಗೆ ನನ್ನದೇ ಭವಿಷ್ಯದ ಚಿಂತೆ ಹತ್ತಿತು. ಇರುವವಳು ಒಬ್ಬಳೇ ಮಗಳು. ಬಂಗುಡೆ ಮೀನನ್ನು ಕಂಡರೆ ಮೂಗು ಮುಚ್ಚುವವಳು. ಕಲ್ಲು ಕೆತ್ತುವವರು ಸಿಗದ್ದರಿಂದ, ನನ್ನಿಷ್ಟದ ಪದಾರ್ಥಗಳನ್ನೆಲ್ಲ ಒಂದು ಹಾಳೆಯಲ್ಲಿ ದುಂಡಗೆ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಸಂಜೆಯೊಳಗೆ ನನ್ನ ಹೆಂಡತಿ ಕೊಲೆಸ್ಟ್ರಾಲ್ ರಿಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಕೋಳಿಸಾರಿನ ಕೋರಿರೊಟ್ಟಿ, ಸಿಗಡಿ, ತುಪ್ಪ ಎಲ್ಲಕ್ಕೂ ಅಡ್ಡಗೆರೆ ಎಳೆದಿದ್ದಳು. ಉಳಿದಿರುವುದು, ಸಭ್ಯತೆಗೆಂದು ನಾನು ಕೊನೆಯಲ್ಲಿ ಸೇರಿಸಿದ್ದ ಹೀರೆಕಾಯಿ ಪಲ್ಯ. ಪರಲೋಕದಲ್ಲಿ ನಾನು ಕಲ್ಪಾಂತರದವರೆಗೆ ಉಣ್ಣಬೇಕಾದದ್ದು ಅದನ್ನೇ.