ನಮ್ಮ ಮನೆಯವರ ವಾದ ಗೆಲ್ಲಿಸಾಕೆ ಹೋಗಿ

ಟೈಲರ್ ಮಲ್ಲಿಕಾರ್ಜುನಪ್ಪನ ಬಾಯಿಂದ "ಸೋತೆ" ಅನ್ನಿಸದೇ ಇದ್ದರೆ ನನ್ನ ಹೆಸರು ಕಲ್ಲಮ್ಮನೇ ಅಲ್ಲ!

ಹಿಂಗಂತ ಅಂಗಡಿ ತುಂಬ ಜನ ಕೂತಿರುವಾಗ ಜಾಲರಿ ಸೌಟು ಮೇಲೆತ್ತಿ ಶಪಥ ಮಾಡಿದೆ. ಸೌಟಿನಿಂದ ಒಂದು ಹನಿ ಬಿಸಿ ಎಣ್ಣೆ ಕಂಡಕ್ಟರ್ ಬೋರಣ್ಣನ ಬೋಳುತಲೆ ಮೇಲೆ ಬಿತ್ತು. ಅವನು "ಅಯ್ಯಪ್ಪಾ!" ಅಂತ ಎದ್ದು ನಿಂತ. ನನ್ನ ಶಪಥಕ್ಕೆ ಮರ್ಯಾದೆ ಕೊಟ್ಟ ಅಂತ ತಿಳಿದು ಉಳಿದವರೂ ಎದ್ದು ನಿಂತರು. ಶಪಥ ಅಂದರೆ ಹಂಗಿರಬೇಕು.

ವಿಷಯ ಏನು ಅಂದರೆ, ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಮನೆಯವರು ನಡೆಸುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಬೆಳಗ್ಗೆ ಎದೆ ಹಿಡ್ಕೊಂಡು ಕೂತರು, ಏಳಲಿಲ್ಲ. ಅದರ ಬಗ್ಗೆ ಇನ್ನು ಬರೆಯೋದು ಏನೂ ಇಲ್ಲ. ನನಗೆ ಜಾಸ್ತಿ ಬರೆಯಾಕೂ ಬರಲ್ಲ. ನಾಲ್ಕನೇ ಕ್ಲಾಸಿಗೆ ಬಿಡಿಸಿದರು.

ಅವರು ನನಗೆ ಬಿಟ್ಟು ಹೋಗಿದ್ದು ಒಂದು ಬಾಣಲೆ, ಗೋಡೆ ಮೇಲೆ ಒಂದು ಟೀವಿ, ಆಮೇಲೆ ಅರ್ಧಕ್ಕೆ ನಿಂತ ಒಂದು ಜಗಳ.

ಜಗಳ ಆಸ್ತಿಯದ್ದಲ್ಲ. ಧಾರಾವಾಹಿಯದ್ದು! ಭಾನುವಾರ ಸಂಜೆ ಬರುತ್ತಿತ್ತು. ಯಾವ ದೇಶದ್ದೋ ಏನೋ, ಕನ್ನಡದಲ್ಲಿ ಮಾತಾಡಿಸಿದ್ದರು. ತುಟಿ ನಿಂತ ಮೇಲೆ ಮಾತು ಬರೋದು. ಅದರಲ್ಲಿ ಒಬ್ಬ ವಿಜ್ಞಾನಿ, ಲಿಫ್ಟಿನಂಥ ಒಂದು ಯಂತ್ರ ಮಾಡುತ್ತಾನೆ. ಒಳಗೆ ನಿಂತು ಇಸವಿ ಒತ್ತಿದರೆ ಆ ಇಸವಿಗೆ ಹೋಗಿ ಇಳಿಯುತ್ತಾನೆ. ಇವನು ಸಣ್ಣವನಿದ್ದಾಗ ಅಪ್ಪ ಬಸ್ ಉರುಳಿ ಸತ್ತಿರುತ್ತಾನೆ. ಇವನು ಹಿಂದಕ್ಕೆ ಹೋಗಿ, ಅಪ್ಪ ಆ ಬಸ್ ಹತ್ತದಂಗೆ ತಡೀಬೇಕು. ಅಷ್ಟೇ ಕಥೆ. ಅಷ್ಟಕ್ಕೆ ಎರಡು ವರ್ಷ ಎಳೆದರು! ನಮ್ಮ ಸವಳಂಗದ ಬಸ್ಸಾದರೂ ಬೇಗ ಬರುತ್ತೆ.

ಅಪ್ಪನನ್ನ ಉಳಿಸಾಕೆ ಆಗುತ್ತಾ, ಆಗಲ್ವಾ? ಇದೇ ಜಗಳ. ಪ್ರತಿ ಭಾನುವಾರ ನಮ್ಮವರಿಗೂ ಪಕ್ಕದಂಗಡಿ ಮಲ್ಲಿಕಾರ್ಜುನಪ್ಪನಿಗೂ ಬಾಯಿಗೆ ಬಾಯಿ ಹತ್ತುತ್ತಿತ್ತು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನನ್ನ ರೊಟ್ಟಿ ಸದ್ದಿನ ಮುಂದೆ ಯಾವ ವಿಜ್ಞಾನಿ ಮಾತೂ ಕೇಳಲ್ಲ. ಆದರೆ ಊಟಕ್ಕೆ ಕೂತಾಗ ನಮ್ಮವರು ತೊಡೆ ತಟ್ಟಿ ಹೇಳುತ್ತಿದ್ದರು:

"ಅಪ್ಪ ಉಳಿದ್ರೆ ಮಗ ಯಂತ್ರ ಯಾಕೆ ಮಾಡ್ತಾನೆ? ಯಂತ್ರ ಇಲ್ಲ ಅಂದ್ಮೇಲೆ ಹಿಂದಕ್ಕೆ ಹೋಗಿದ್ದು ಯಾರು, ಇವರ ತಾತನಾ?"

ನಾನು "ಸಾರು ಹಾಕ್ಲಾ?" ಅಂತಿದ್ದೆ. ಹಾಕಿ ಒಳಗೆ ಹೋಗುತ್ತಿದ್ದೆ. ಇಷ್ಟೇ ನಮ್ಮ ದಾಂಪತ್ಯದ ವಿಜ್ಞಾನ.

ಅವರು ಹೋದ ಮೇಲೆ ಬಾಣಲೆ ಮುಂದೆ ನಾನು ಕೂತೆ. ಮಲ್ಲಿಕಾರ್ಜುನಪ್ಪ ಭಾನುವಾರ ಬರೋದು ಬಿಡಲಿಲ್ಲ. ಕೊರಳಿಗೆ ಟೇಪು ನೇತುಹಾಕ್ಕೊಂಡು ಬಂದು ಅದೇ ಬೆಂಚಿನಲ್ಲಿ ಕೂರೋದು, ಟೀವಿ ನೋಡೋದು, ಮಾತಿಲ್ಲದೆ ಎದ್ದು ಹೋಗೋದು. ಮೆಣಸಿನಕಾಯಿ ಆರಿ ತಣ್ಣಗಾಗಿರುತ್ತಿತ್ತು. ಅಂಗಡಿ ಅಂಗಡಿಯಂಗೆ ಇರಲಿಲ್ಲ, ಆಸ್ಪತ್ರೆಯಂಗಿತ್ತು. ಒಂದು ಭಾನುವಾರ ಬೋರಣ್ಣ ಸುಮ್ಮನಿರಲಾರದೆ ಕೇಳಿದ:

"ಅಲ್ಲಾ, ಅಪ್ಪನ್ನ ಉಳಿಸಾಕೆ ಆಗುತ್ತಂತೀರಾ?"

ನನಗೆ ತಡ್ಕೊಳ್ಳಾಕೆ ಆಗಲಿಲ್ಲ.

"ಆಗಲ್ಲ!" ಅಂದೆ. "ಅಪ್ಪ ಉಳಿದ್ರೆ ಮಗ ಯಂತ್ರ ಯಾಕೆ ಮಾಡ್ತಾನೆ? ಹಿಂದಕ್ಕೆ ಹೋಗಿದ್ದು ಯಾರು, ಇವರ ತಾತನಾ? ನಮ್ಮ ಮನೆಯವರು ಹೇಳಿದ್ದೇ ಸರಿ!"

ಮಲ್ಲಿಕಾರ್ಜುನಪ್ಪ ಬಾಯಿ ತೆರೆದು ನನ್ನನ್ನೇ ನೋಡಿದ. ನೊಣ ಹೋಗಿ ಸಂಸಾರ ಹೂಡಬಹುದು, ಅಷ್ಟು ಹೊತ್ತು. ಆಮೇಲೆ ಗಂಟಲು ಸರಿ ಮಾಡ್ಕೊಂಡು ಮೆಲ್ಲಗೆ ಹೇಳಿದ:

"ಆಗುತ್ತೆ ಕಲ್ಲಮ್ಮ. ಎರಡು ದಾರಿ ಆಗ್ತವೆ. ಒಂದು ದಾರೀಲಿ ಅಪ್ಪ ಸತ್ತಿರ್ತಾನೆ. ಇನ್ನೊಂದು ದಾರೀಲಿ ಬದುಕಿ, ಮನೇಲಿ ಕೂತು ಚಾ ಕುಡೀತಿರ್ತಾನೆ. ಸವಳಂಗದ ಸರ್ಕಲ್ಲಿನಂಗೆ. ಒಂದು ರಸ್ತೆ ಶಿವಮೊಗ್ಗಕ್ಕೆ, ಒಂದು ರಸ್ತೆ ಶಿಕಾರಿಪುರಕ್ಕೆ."

"ಒಂದೇ ಬಸ್ಸು ಎರಡು ರಸ್ತೇಲೂ ಹೋಗುತ್ತೇನ್ರಿ?"

"ಹೋಗುತ್ತೆ."

"ಡೀಸೆಲ್ ಯಾರು ಹಾಕ್ತಾರೆ?" ಅಂದ ಬೋರಣ್ಣ. ಅವನ ಚಿಂತೆ ಅವನಿಗೆ.

ಅವತ್ತೇ ನಾನು ಸೌಟು ಎತ್ತಿ ಶಪಥ ಮಾಡಿದ್ದು. ಗಂಡನನ್ನ ಉಳಿಸ್ಕೊಳ್ಳಾಕೆ ಆಗಲಿಲ್ಲ. ಗಂಡನ ಮಾತನ್ನಾದರೂ ಗೆಲ್ಲಿಸಬೇಕಲ್ಲ!

ಶುರುವಾಯಿತು ನೋಡಿ. ಅಂಗಡಿ ಎರಡು ಪಾರ್ಟಿಯಾಯಿತು. 'ಆಗುತ್ತೆ' ಪಾರ್ಟಿ ಕಿಟಕಿ ಕಡೆ, 'ಆಗಲ್ಲ' ಪಾರ್ಟಿ ಬಾಣಲೆ ಕಡೆ. ಬಾಣಲೆ ಕಡೆಯವರಿಗೆ ಬಿಸಿದು ಮೊದಲು ಸಿಗುತ್ತಿತ್ತು. ಸಿದ್ಧಾಂತ ಅಂದ ಮೇಲೆ ಅಷ್ಟು ಅನುಕೂಲ ಇರಬೇಕು. ವಾದದ ಭರದಲ್ಲಿ ನಾನು ಕಡಲೆ ಹಿಟ್ಟಿಗೆ ಸೋಡ ಎರಡು ಸಲ ಹಾಕಿದೆ. ಮೆಣಸಿನಕಾಯಿ ಬದನೆಕಾಯಿ ಗಾತ್ರ ಉಬ್ಬಿ, ಎಣ್ಣೆ ಎಲ್ಲ ಕುಡಿದು ಮಲಗಿದವು.

ಅಂಗಡಿ ಮುಂದೆ ಹೂ ಕಟ್ಟುವ ದ್ಯಾಮಮ್ಮ ಒಂದು ಸಂಜೆ ದಾರ ಕಚ್ಚಿಕೊಂಡೇ ಕೇಳಿದಳು:

"ಅಲ್ಲಾ ಕಲ್ಲಕ್ಕ, ಸತ್ತ ಅಪ್ಪ ಬದುಕಿ ಬಂದ ಅಂತ ಇಟ್ಕಾ. ಅವನು ಸತ್ತಾಗ ಮಾಡಿದ ಶಿವಗಣಾರಾಧನೆ ಊಟ ಉಂಡೋರ ಕಥೆ ಏನು? ಹೊಟ್ಟೇಲಿರೋ ಪಾಯಸ ಮಾಯ ಆಗುತ್ತಾ?"

"ಅರಗಿರುತ್ತೆ ಬಿಡು" ಅಂದ ಬೋರಣ್ಣ.

"ಅವನ ಹೆಂಡ್ತಿ ತೆಗೆದಿಟ್ಟ ಬಳೆ? ಅವು ತಾನಾಗೇ ಕೈಗೆ ಬಂದು ಕೂರ್ತಾವಾ?"

ಎಲ್ಲರೂ ನನ್ನ ಕೈ ನೋಡಿದರು. ನೋಡಿ, ಆಮೇಲೆ ಫ್ಯಾನು ನೋಡಿದರು. ದ್ಯಾಮಮ್ಮ ನಾಲಿಗೆ ಕಚ್ಚಿಕೊಂಡಳು.

"ನನ್ನನ್ನ ಕೇಳ್ರಿ" ಅಂದೆ. "ಇಲ್ಲಿ ಅದು ಗೊತ್ತಿರೋಳು ನಾನೊಬ್ಬಳೇ. ಬಳೆ ಬರಲ್ಲ. ಹೋಗಿದ್ದು ಹೋಯ್ತು."

"ಈ ದಾರೀಲಿ ಬರಲ್ಲ ಕಲ್ಲಮ್ಮ" ಅಂದ ಮಲ್ಲಿಕಾರ್ಜುನಪ್ಪ. "ಇನ್ನೊಂದು ದಾರೀಲಿ ಅವು ತೆಗೆದೇ ಇಲ್ಲ."

ನನಗೆ ಎಲ್ಲಿತ್ತೋ ಸಿಟ್ಟು! ಪಕ್ಕದಲ್ಲಿ ಕೊಡ ತುಂಬ ನೀರಿತ್ತು. ಎತ್ತಿದವಳೇ ಮಂಡಕ್ಕಿ ಡ್ರಮ್ಮಿಗೆ ಪೂರ್ತಿ ಸುರಿದುಬಿಟ್ಟೆ.

"ನೋಡ್ರಿ! ಇದು ಇನ್ನು ಗರಿಗರಿ ಆಗುತ್ತಾ? ನೆನೆದಿದ್ದು ನೆನೀತು! ಹಿಂದಕ್ಕೆ ಹೋಗಾಕೆ ಆಗುತ್ತಾ? ತಿಳೀತಾ ಎಲ್ಲರಿಗೂ?"

ದ್ಯಾಮಮ್ಮ ಹೇಳಿದಳು:

"ತಿಳೀತು ಕಲ್ಲಕ್ಕ. ಆದ್ರೆ ಒಂದು ಹಿಡಿ ತೋಯ್ಸಿದ್ರೂ ತಿಳೀತಿತ್ತು."

ಒಂದು ಡ್ರಮ್ಮು ಮಂಡಕ್ಕಿ! ಬೇಗ ಒಗ್ಗರಣೆ ಹಾಕದಿದ್ದರೆ ಅಂಟಾಗುತ್ತೆ. ಎರಡೂ ಪಾರ್ಟಿಯವರನ್ನ ಈರುಳ್ಳಿ ಹೆಚ್ಚಾಕೆ ಕೂರಿಸಿದೆ. ಬೋರಣ್ಣನೂ ಕಣ್ಣೀರು ಸುರಿಸ್ಕೊಂಡು ಹೆಚ್ಚುತ್ತಿದ್ದ. ಹೊರಗೆ ಅವನ ಬಸ್ಸು ಹಾರ್ನ್ ಹೊಡೀತಿತ್ತು. ಡ್ರೈವರ್ ಬೈಯಾಕೆ ಬಂದ. ವಿಷಯ ಕೇಳಿದ. "ಆಗಲ್ಲ ಬಿಡ್ರಿ, ಯಂತ್ರನೇ ಇರಲ್ಲವಲ್ಲ" ಅಂತ ಬಾಣಲೆ ಕಡೆ ಕೂತ. ಡ್ರೈವರನ್ನ ಹುಡುಕ್ಕೊಂಡು ಪ್ಯಾಸೆಂಜರ್‌ಗಳು ಬಂದರು. ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಒಂದೊಂದು ಪಾರ್ಟಿ. ಕೊನೆಗೆ ಬಸ್ಸು ಹೊರಟಾಗ ಅತ್ತ ಕಡೆ ಸೀಟಿನಲ್ಲಿ 'ಆಗುತ್ತೆ', ಇತ್ತ ಕಡೆ ಸೀಟಿನಲ್ಲಿ 'ಆಗಲ್ಲ'! ನಡುವೆ ಇಳಿಯಬೇಕಾದವರು ವಾದದಲ್ಲಿ ಮೈಮರೆತು ಹೊನ್ನಾಳಿವರೆಗೂ ಹೋದರಂತೆ. ಇಳಿದು "ವಾಪಸ್ ಹೋಗಾಕೆ ನಿಮ್ಮತ್ರ ಲಿಫ್ಟ್ ಐತೇನಪ್ಪಾ?" ಅಂತ ಬೋರಣ್ಣನಿಗೇ ಕೇಳಿದರಂತೆ.

ಹಿಂಗೇ ವರ್ಷ ಕಳೀತು. ಕೊನೆಯ ಕಂತು ಬಂತು.

ಅವತ್ತು ಅಂಗಡೀಲಿ ಕಾಲಿಡಾಕೆ ಜಾಗ ಇಲ್ಲ. ಗೋಡೆ ಮೇಲಿದ್ದ ನಮ್ಮವರ ಫೋಟೋ ಇಳಿಸಿ, ಒರೆಸಿ, ಟೀವಿ ಕಾಣುವಂಗೆ ಸ್ಟೂಲಿನ ಮೇಲೆ ಇಟ್ಟೆ. ಗೆಲ್ಲೋದನ್ನ ಅವರೂ ನೋಡಲಿ ಅಂತ.

ವಿಜ್ಞಾನಿ ಲಿಫ್ಟ್ ಹತ್ತಿದ. ಹಿಂದಕ್ಕೆ ಹೋದ. ಬಸ್ ಬಾಗಿಲಲ್ಲಿ ಅಪ್ಪನ ತೋಳು ಹಿಡಿದು ಎಳೆದ. ಬಸ್ ಹೋಯಿತು. ಅಪ್ಪ ಉಳಿದ! ಕಿಟಕಿ ಕಡೆಯವರು ಸಿಳ್ಳೆ ಹೊಡೆದರು. ಅಷ್ಟರಲ್ಲಿ ಆ ಅಪ್ಪ ಮಗನ ಕಡೆ ತಿರುಗಿ "ಯಾರಪ್ಪ ನೀನು?" ಅಂದು, ಎರಡು ಹೆಜ್ಜೆ ಇಟ್ಟು, ರಸ್ತೆ ದಾಟಾಕೆ ಹೋಗಿ ಲಾರಿಗೆ ಸಿಕ್ಕಿಬಿಟ್ಟ. ಅದೇ ದಿನ. ಅದೇ ಜಾಗ. ಶುಭಂ.

"ಗೆದ್ರು! ನಮ್ಮ ಮನೆಯವರು ಗೆದ್ರು!"

ನಾನು ಕುಣಿದೆ. ಈ ವಯಸ್ಸಿಗೆ ಕುಣಿದೆ! ಒಬ್ಬ ಪಾಪದ ಮನುಷ್ಯ ಲಾರಿಗೆ ಸಿಕ್ಕಿದ್ದಕ್ಕೆ ಅಂಗಡಿ ಮುಂದೆ ಕಾಯಿ ಒಡೆಸಿದೆ. ಫೋಟೋಕ್ಕೆ ದ್ಯಾಮಮ್ಮನ ಬುಟ್ಟಿಯ ಹೂವೆಲ್ಲ ಸುರಿದೆ. ಎಲ್ಲರಿಗೂ ಮೆಣಸಿನಕಾಯಿ ಪುಕ್ಕಟೆ ಅಂದೆ. ಆಮೇಲೆ ಸೊಂಟಕ್ಕೆ ಸೆರಗು ಸಿಗಿಸಿ ಮಲ್ಲಿಕಾರ್ಜುನಪ್ಪನ ಮುಂದೆ ನಿಂತೆ.

"ಹೇಳ್ರಿ ಅಣ್ಣಾ. ಎಲ್ಲರಿಗೂ ಕೇಳಂಗೆ ಹೇಳ್ರಿ. ಯಾರು ಗೆದ್ದಿದ್ದು? ಅವರ ಹೆಸರು ನಾನು ಹೇಳೋಳಲ್ಲ. ನಿಮ್ಮ ಬಾಯಲ್ಲೇ ಬರಬೇಕು."

"ಬ್ಯಾಡ ಬಿಡು ತಂಗಿ."

"ಬ್ಯಾಡ ಅಂದ್ರೆ? ವರ್ಷ ಕಾದೀನಿ!"

ಅವನು ಟೇಪು ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ.

"ನಿನ್ನ ಗಂಡ ಸಣ್ಣಪ್ಪ ಸೋತ ಕಣವ್ವ."

"ಏನಂದ್ರಿ?"

"ಆಗಲ್ಲ ಅಂತಿದ್ದೋನು ನಾನು. ಎರಡು ದಾರಿ ಐತೆ, ಇನ್ನೊಂದು ದಾರೀಲಿ ಮನುಷ್ಯ ಚಾ ಕುಡೀತಿರ್ತಾನೆ ಅಂತಿದ್ದೋನು ನಿನ್ನ ಗಂಡ."

"ಸುಳ್ಳು! ಊಟಕ್ಕೆ ಕೂತಾಗ ನನಗೇ ಹೇಳ್ತಿದ್ರು! ತೊಡೆ ತಟ್ಟಿ!"

"ತೊಡೆ ತಟ್ಟೋದು ನನ್ನ ಚಾಳಿ. ನನ್ನನ್ನ ಅಣಕಿಸ್ತಿದ್ದ ಅವನು. ಇಲ್ಲೂ ಹಂಗೇ. ಮೊದಲು ನನ್ನಂಗೆ ಮಾತಾಡಿ ತೋರ್ಸೋದು, ಆಮೇಲೆ ತನ್ನ ಮಾತು ಹೇಳೋದು. ಆಮೇಲಿಂದು ನೀನು ಕೇಳಲಿಲ್ವಾ?"

ಆಮೇಲಿಂದು ಹೇಳೋ ಹೊತ್ತಿಗೆ ನಾನು ಸಾರು ಹಾಕಿ ಒಳಗೆ ಹೋಗಿರುತ್ತಿದ್ದೆ.

"ಮತ್ತೆ ನೀವು ವರ್ಷೆಲ್ಲ ಹೇಳಿದ್ದು?"

"ನೀನು ಬಂದು ನನ್ನ ಮಾತು ಕಿತ್ಕೊಂಡು ಕೂತೆ. ಅವನ ಮಾತು ಹೇಳೋರು ಯಾರೂ ಇರಲಿಲ್ಲ. ನಾನು ಹೇಳಿದೆ."

ನಾನು ಬೋರಣ್ಣನ ಕಡೆ ನೋಡಿದೆ. ಅವನು ನೆಲ ನೋಡಿದ.

"ನಮಗೆಲ್ಲ ಗೊತ್ತಿತ್ತಕ್ಕಾ. ನೀನು ಬಿಸಿ ಎಣ್ಣೆ ಮುಂದೆ ಕೂತಿರ್ತಿದ್ದೆ. ಹೇಳಾಕೆ ಯಾರಿಗೂ ಧೈರ್ಯ ಬರಲಿಲ್ಲ."

ಇಡೀ ನ್ಯಾಮತಿಗೆ ಗೊತ್ತು, ನನಗೆ ಗೊತ್ತಿಲ್ಲ. ಗಂಡನ ಕಡೆ ನಿಂತೀನಿ ಅಂತ ವರ್ಷವಿಡೀ ಗಂಡನ ಮೇಲೇ ಬಿದ್ದು ಜಗಳ ಆಡೀನಿ. ಜೊತೆಗೆ ಗೆದ್ದೀನಿ! ಕಾಯಿ ಒಡೆಸೀನಿ! ಫೋಟೋದಲ್ಲಿ ಹೂವಿನ ನಡುವೆ ಅವರು ಒಂದೇ ಕಣ್ಣು ಕಾಣುವಂಗೆ ಕೂತಿದ್ದರು.

ಸೆರಗು ಬಿಚ್ಚಿ ಮುಖ ಒರೆಸ್ಕೊಂಡೆ. ಆಮೇಲೆ ಟೀವಿ ಕಡೆ ಕೈ ಮಾಡಿ ಜೋರಾಗಿ ಹೇಳಿದೆ:

"ಈ ಧಾರಾವಾಹಿ ಮಾಡಿದೋನಿಗೆ ತಲೆ ನೆಟ್ಟಗಿಲ್ಲ! ಎರಡು ದಾರಿ ಐತೆ. ಐತೆ ಅಂದ್ರೆ ಐತೆ. ನಮ್ಮ ಮನೆಯವರು ಹೇಳಿದ್ದೇ ಸರಿ!"

ಮಲ್ಲಿಕಾರ್ಜುನಪ್ಪ ನೆಟ್ಟಗೆ ಕೂತ. ಅವನ ಕಣ್ಣು ಬೆಳಗಿತು. ಒಂದು ವರ್ಷ ತನ್ನ ವಾದ ಹೇಳದೆ ಬಾಯಿ ಕಟ್ಟಿಕೊಂಡಿದ್ದ ಮನುಷ್ಯ ತೊಡೆ ತಟ್ಟಿದ!

"ಅದ್ಹೆಂಗೆ ಆಗುತ್ತೆ ಕಲ್ಲಮ್ಮ? ಅಪ್ಪ ಉಳಿದ್ರೆ ಮಗ ಯಂತ್ರ ಯಾಕೆ ಮಾಡ್ತಾನೆ? ಹಿಂದಕ್ಕೆ ಹೋಗಿದ್ದು ಯಾರು, ಇವರ ತಾತನಾ?"

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಯಾರೂ ಉತ್ತರ ಕೊಡಾಕೆ ಆಗದಂಗೆ ಆ ಮಾತಿಗೆ ವರ್ಷವಿಡೀ ಸಾಣೆ ಹಿಡಿದವಳು ನಾನೇ ಅಲ್ವಾ?

ಬದುಕಿದ್ದಾಗ ಯಾರಿಗೂ ಸೋಲದ ಮನುಷ್ಯ ಒಂದೇ ಸಂಜೆ ಎರಡು ಸಲ ಸೋತರು. ಮೊದಲನೇ ಸಲ ನಾನು ಅವರ ವಿರುದ್ಧ ಇದ್ದದ್ದಕ್ಕೆ. ಎರಡನೇ ಸಲ ನಾನು ಅವರ ಕಡೆ ಬಂದದ್ದಕ್ಕೆ!