ಅತ್ತಿಗೆಯ ಬಿಸಿ

ನಮ್ಮ ಅತ್ತಿಗೆ ಮನೆಯಲ್ಲಿದ್ದರೆ ಬಿಸಿ ಅನ್ನದ ಆವಿ ಕೂಡ ಅಪ್ಪಣೆ ಕೇಳಿಯೇ ಮೇಲೇಳಬೇಕು. ನಗಬೇಡಿ! ಅವರ ಕೈಯಲ್ಲಿ ನಾನು ಪಟ್ಟ ಪಾಡು ನಿಮಗೇನು ಗೊತ್ತು?

ಅಣ್ಣ ಅವರನ್ನು ಮದುವೆಯಾಗಿ ಮುಳಬಾಗಿಲಿನ ನಮ್ಮ ಮನೆಗೆ ಕರೆತಂದ ಮೊದಲ ವಾರವೇ ಬಚ್ಚಲುಮನೆ ಅವರ ವಶವಾಯಿತು. ಬಿಸಿ ಆರದಂತೆ ಹಂಡೆಯ ಮೇಲ್ಭಾಗಕ್ಕೆ ಗೋಣಿಚೀಲ ಸುತ್ತಿದರು. ನೀರು ಕಾದ ಮೇಲೆ ಎಲ್ಲರೂ ಸಾಲಾಗಿ, ನಡುವೆ ಬಿಡುವಿಲ್ಲದೆ ಸ್ನಾನ ಮುಗಿಸಬೇಕು. ಆರಿತು ಅಂತ ಮತ್ತೆ ನೀಲಗಿರಿ ಸೌದೆ ತುರುಕುವಂತಿಲ್ಲ. ದೇವರಾಯಸಮುದ್ರದಿಂದ ಬಂದಿದ್ದ ದೊಡ್ಡಪ್ಪನವರು ಕಾಫಿಗೂ ಮೊದಲೇ ಟವೆಲ್ ಸುತ್ತಿಕೊಂಡು ನನ್ನ ಹಿಂದೆ ಸರದಿಯಲ್ಲಿ ನಡುಗುತ್ತಾ ನಿಂತರು.

"ಏನ್ಲಾ ಇದು, ನಿಮ್ಮನೇನಾ ಹಾಸ್ಟೆಲ್ಲಾ?" ಅಂತ ಬೈದದ್ದು ಯಾರನ್ನು? ನನ್ನನ್ನು! ಬಿಸಿ ಉಳಿಸುವವರು ಅತ್ತಿಗೆ, ಬೈಸಿಕೊಳ್ಳುವವನು ನಾನು. ಇದು ಯಾವ ಊರಿನ ನ್ಯಾಯ?

ಈ ಹುಚ್ಚಿನ ಮೂಲ ಮಾಲೂರಿನ ಒಂದು ಕಾರ್ಖಾನೆ. ಅತ್ತಿಗೆ ಅಲ್ಲಿ ಇಂಜಿನಿಯರ್. ದಿನಾ ಕೋಲಾರದಲ್ಲಿ ಬಸ್ಸು ಬದಲಿಸಿಕೊಂಡು ಹೋಗಿ ಬರುತ್ತಾರೆ. ಅಲ್ಲಿ ಹರಳೆಣ್ಣೆಯನ್ನು ದೊಡ್ಡ ಮುಚ್ಚಿದ ಕೊಪ್ಪರಿಗೆಗೆ ತುಂಬಿ, ಒಂದಿಷ್ಟು ನಿಕಲ್ ಪುಡಿ ಸೇರಿಸಿ, ಹೈಡ್ರೋಜನ್ ಅನಿಲ ಹಾಯಿಸುತ್ತಾರಂತೆ. ಎಣ್ಣೆ ಮೇಣದಂತೆ ಗಟ್ಟಿಯಾಗುತ್ತದಂತೆ. ಆ ಪುಡಿಯ ಹೆಸರು ಕ್ಯಾಟಲಿಸ್ಟ್. ಎಣ್ಣೆಯನ್ನೂ ಅನಿಲವನ್ನೂ ಕೂಡಿಸಿ, ತನಗೆ ಏನೂ ಆಗಿಲ್ಲವೆಂಬಂತೆ ಹೊರಗೆ ಬರುತ್ತದೆ. ಥೇಟ್ ಮದುವೆ ದಲ್ಲಾಳಿ, ಕಮಿಷನ್ ಒಂದು ಕೇಳುವುದಿಲ್ಲ ಅಷ್ಟೆ.

ಶುರುವಿನಲ್ಲಿ ಬಾಯ್ಲರ್ ಉರಿಸಿ ಎಣ್ಣೆ ಕಾಯಿಸಬೇಕು. ಆಮೇಲೆ ಅನಿಲ ಕೂಡಿದಂತೆ ಅದು ತಾನಾಗಿಯೇ ಕಾಯತೊಡಗುತ್ತದೆ. ನಮ್ಮ ಅತ್ತಿಗೆ ಕುದಿಯತೊಡಗುವುದೂ ಆಗಲೇ!

"ನೋಡೋ, ಕಾದಿರೋ ಎಣ್ಣೆ ಆರ್ಸಕ್ಕೆ ತಣ್ಣೀರು ಹರಿಸ್ತಾರೆ. ಆ ಬಿಸಿನೆಲ್ಲ ಆಕಾಶಕ್ಕೆ ಬಿಡ್ತಾರೆ. ಮುಂದಿನ ಸಲದ ಎಣ್ಣೆ ಪಕ್ಕದಲ್ಲೇ ತಣ್ಣಗೆ ಕೂತಿರುತ್ತೆ, ಅದಕ್ಕೆ ಮತ್ತೆ ಸೌದೆ! ಎರಡನ್ನೂ ಅಕ್ಕಪಕ್ಕದ ಪೈಪಲ್ಲಿ ಹರಿಸಿದ್ರೆ ಇದು ಆರುತ್ತೆ, ಅದು ಕಾಯುತ್ತೆ. ಹೇಳಿ ಹೇಳಿ ನಾಲಿಗೆ ಸವೀತು ಕಣೋ!"

ಅವರ ಮ್ಯಾನೇಜರ್ "ನೋಡೋಣಮ್ಮಾ" ಅನ್ನುತ್ತಿದ್ದರಂತೆ. ವರ್ಷಗಟ್ಟಲೆ ಅದೇ "ನೋಡೋಣ". ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ ಮ್ಯಾನೇಜರ್ ಮೇಲಿನ ಕೋಪಕ್ಕೆ ಕೊತ್ತಿಗಳಾದವರು ನಾವು. ಮುದ್ದೆ ಬೇಯುವ ಮೊದಲೇ ಗ್ಯಾಸ್ ಆರಿಸಿ, "ಮುಚ್ಚಿಟ್ರೆ ತಾನೇ ಬೇಯುತ್ತೆ" ಅನ್ನುತ್ತಿದ್ದರು. ಅರ್ಧ ಬೆಂದ ಹಿಟ್ಟನ್ನು ನುಂಗಿದವನಿಗೇ ಗೊತ್ತು ಅದರ ರುಚಿ!

ನಂಗಲಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅಡುಗೆಯವರು ಅನ್ನ ಬಸಿದ ಕುದಿಯುವ ಗಂಜಿಯನ್ನು ಮೋರಿಗೆ ಚೆಲ್ಲುತ್ತಿದ್ದರು. ಪಕ್ಕದ ಒಲೆಯ ಮೇಲೆ ಸಾರಿಗೆ ತಣ್ಣೀರು ಇಟ್ಟಿದ್ದರು. ಅತ್ತಿಗೆಯ ಕಣ್ಣಿಗೆ ಅದು ಬೀಳಬೇಕೇ! ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದವರೇ, ತಣ್ಣೀರಿನ ಪಾತ್ರೆಯನ್ನು ಎತ್ತಿ ಇನ್ನೂ ಚೆಲ್ಲದ ಗಂಜಿಯ ಕೊಪ್ಪರಿಗೆಯೊಳಗೆ ಕೂರಿಸಿದರು.

"ಅಮ್ಮಾ ತಲ್ಲೀ, ನೀಕು ದಂಡಂ! ಮೊದ್ಲು ಆಚೆ ಹೋಗು," ಅಂತ ಅಡುಗೆ ಭಟ್ಟರು ಕೈಮುಗಿದರು.

"ಹೋಗ್ತೀನಿ, ನೀರು ಬಿಸಿಯಾಗ್ಲಿ."

ಅತ್ತ ಗಟ್ಟಿಮೇಳ ಮೊಳಗಿತು. ಅಕ್ಷತೆ ಹಾಕಬೇಕಾದ ಹಿರಿಸೊಸೆ ಇತ್ತ ಗಂಜಿಗೆ ಕಾವಲು ನಿಂತಿದ್ದರು. ಮದುವೆಯ ಒಂದು ಫೋಟೋದಲ್ಲೂ ಅವರಿಲ್ಲ. ಅಮ್ಮ ಅವರೊಂದಿಗೆ ಎಷ್ಟೋ ದಿನ ಮಾತು ಬಿಟ್ಟರು. ನಾನು ಬಿಡಲಿಲ್ಲ, ಮಾತು ಬಿಟ್ಟರೆ ಜಗಳ ಆಡುವುದು ಹೇಗೆ?

ಕೊನೆಗೂ ಹೋದ ವರ್ಷ ಕಾರ್ಖಾನೆಯವರು ಆ ಪೈಪುಗಳನ್ನು ಹಾಕಿಸಿದರು. ಸೌದೆ ಲಾರಿಗಳು ಬರುವುದು ಕಡಿಮೆಯಾಯಿತು. ಅದಕ್ಕೊಂದು ಸಮಾರಂಭ, ಮನೆಯವರಿಗೂ ಆಹ್ವಾನ. ಅಣ್ಣನಿಗೆ ರಜೆ ಸಿಗಲಿಲ್ಲ, ನಾನು ಹೋಳಿಗೆ ಊಟದ ಆಸೆಗೆ ಹೋದೆ. ಬಸ್ಸಿನುದ್ದಕ್ಕೂ ಅತ್ತಿಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಲೇ ಇದ್ದರು. "ವೇದಿಕೆ ಮೇಲೆ ಕರೆದ್ರೆ ಏನು ಮಾತಾಡ್ಲೋ?" ಅಂತ ಕೇಳಿದರು.

ಮ್ಯಾನೇಜರ್ ಮೈಕು ಹಿಡಿದರು. ದೇವರಿಗೆ ವಂದನೆ, ಮಾಲೀಕರಿಗೆ ವಂದನೆ, ಪೈಪು ಮಾರಿದವರಿಗೆ, ಬೆಸುಗೆ ಹಾಕಿದವರಿಗೆ, ಶಾಮಿಯಾನದವರಿಗೆ, ಕೊನೆಗೆ ಹೋಳಿಗೆ ತಟ್ಟಿದವರಿಗೂ ವಂದನೆ! "ಈ ಐಡಿಯಾ ನನಗೆ ಒಂದು ದಿನ ವಾಕಿಂಗ್ ಮಾಡುವಾಗ ಹೊಳೆಯಿತು," ಎಂದು ನಕ್ಕರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಅತ್ತಿಗೆಯೂ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

"ಸಾರ್, ಸುಳ್ಳು ಹೇಳ್ಬೇಡಿ! ಇದು ನಮ್ಮ ಅತ್ತಿಗೆ ಹೇಳಿದ್ದು. ಅವರು ಹೇಳ್ತಾನೇ ಇದ್ರು, ನೀವು ನೋಡೋಣ ನೋಡೋಣ ಅಂತಾನೇ ಇದ್ರಿ. ವಾಕಿಂಗ್ ಅಂತೆ ವಾಕಿಂಗು!"

ಸಭೆ ತಣ್ಣಗಾಯಿತು. ಅತ್ತಿಗೆ ನನ್ನ ತೋಳು ಹಿಡಿದು ದರದರನೆ ಗೇಟಿನ ಆಚೆಗೆ ಎಳೆದುಕೊಂಡು ಬಂದರು. ಕೆಲಸಕ್ಕೆ ಕುತ್ತು ತಂದೆನೆಂದು ಈಗ ಬೈಗುಳದ ಮಳೆ ಅಂದುಕೊಂಡೆ. ಬೈಯಲಿಲ್ಲ. ಬಸ್‌ ನಿಲ್ದಾಣದವರೆಗೂ ಬಿರಬಿರನೆ ನಡೆದರು. ನನಗೆ ತಡೆಯಲಾಗಲಿಲ್ಲ.

"ನಿಮಗೆ ಸಿಟ್ಟೇ ಬರಲ್ವಾ ಅತ್ತಿಗೆ?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮದ್ವೆಯಾಗಿ ಬಂದಾಗಿಂದ ಎಲ್ರೂ ನನ್ನ ಮೇಲೆ ಸಿಟ್ಟಾದೋರೇ ಕಣೋ. ನನಗೋಸ್ಕರ ಸಿಟ್ಟಾದೋನು ನೀನೊಬ್ಬನೇ."