ಸೋದರಸೊಸೆಗೆ ಹಲ್ಲು ಬರಿಸಲು ಹೋದದ್ದು

ಅಕ್ಕನ ಮಗಳು ಅನ್ವಿಗೆ ಹದಿಮೂರು ತಿಂಗಳಾದರೂ ಒಂದು ಹಲ್ಲೂ ಬಂದಿರಲಿಲ್ಲ. ಇದರಿಂದ ಎಲ್ಲರಿಗಿಂತ ಹೆಚ್ಚು ಕಳವಳಗೊಂಡವನು ನಾನು. ಮಗುವಿನ ಮೇಲಿನ ಅಕ್ಕರೆ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ನಿಜ ಬೇರೆ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂದು ನಮ್ಮ ಧಾರವಾಡದ ಕಡೆ ಹೇಳುತ್ತಾರೆ. ಆ ಮಗುವಿಗೆ ಇರುವವನು ಒಬ್ಬನೇ ಸೋದರಮಾವ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಪ್ರತಿ ಭಾನುವಾರ ಪುಣೆಯಿಂದ ಲೋಕಲ್ ರೈಲು ಹಿಡಿದು ತಳೇಗಾಂವದ ಅಕ್ಕನ ಮನೆಗೆ ಹೋಗಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊದಲು ಮೇಲಿನ ವಸಡನ್ನೇ ನೋಡುತ್ತಿದ್ದೆ.

ಅಕ್ಕನಿಗೆ ಅವಸರವಿರಲಿಲ್ಲ. ಮುಂದಿನ ಲಸಿಕೆಗೆ ಹೋದಾಗ ಡಾಕ್ಟರರನ್ನು ಕೇಳಿದರಾಯಿತು ಎನ್ನುತ್ತಿದ್ದಳು. ಅಷ್ಟು ಕಾಯುವ ಧೈರ್ಯ ನನಗಿರಲಿಲ್ಲ. ಅವಳ ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರ ಬಾಯಲ್ಲೂ ಕಾಕು, ತಮ್ಮ ಮಕ್ಕಳಿಗೆಲ್ಲ ಖಾರೀಕು, ಅಂದರೆ ನಮ್ಮ ಉತ್ತತ್ತಿ, ಕಡಿಯಲು ಕೊಟ್ಟೇ ಹಲ್ಲು ಬರಿಸಿದ್ದಾಗಿ ಒಮ್ಮೆ ಹೇಳಿದ್ದರು. ಆ ಭಾನುವಾರ ಒಂದು ದಪ್ಪ ಉತ್ತತ್ತಿ ಒಯ್ದೆ. ಅದರಲ್ಲಿ ನನ್ನವೂ ಕೆಲವು ಸುಧಾರಣೆಗಳಿದ್ದವು. ವಸಡಿಗೆ ನೋವಾಗದಿರಲೆಂದು ಬೀಜ ತೆಗೆದು ಹಿಂದಿನ ದಿನವೇ ನೆನೆಹಾಕಿದ್ದೆ. ಕೆಳಗಿನ ವಸಡಿಗೆ ಮಾತ್ರ ತಿಕ್ಕಬೇಕೆಂದು ತೀರ್ಮಾನಿಸಿದ್ದೆ. ಹಲ್ಲಿಲ್ಲದ ಬಾಯಿ ಏನನ್ನೂ ತುಂಡು ಮಾಡಲಾರದು ಎಂಬುದು ನನ್ನ ಸಿದ್ಧಾಂತ.

ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಶಾಸ್ತ್ರೋಕ್ತವಾಗಿ ಎಡದಿಂದ ಬಲಕ್ಕೆ ಉತ್ತತ್ತಿ ಆಡಿಸಿದೆ. ಮಗು ಖುಷಿಯಿಂದ ಒತ್ತಿ ಹಿಡಿಯಿತು. ಎರಡನೇ ಸುತ್ತಿಗೆ ನನ್ನ ಕೈಯಲ್ಲಿ ಉಳಿದದ್ದು ಅರ್ಧ ಉತ್ತತ್ತಿ.

ಮಗು ಅಳಲಿಲ್ಲ, ಕೆಮ್ಮಲೂ ಇಲ್ಲ. ಬಾಯಿ ತೆರೆದು ನನ್ನನ್ನೇ ನೋಡಿತು. ತುಟಿಯ ಬಣ್ಣ ಬದಲಾಗತೊಡಗಿತು. ಎಂ.ಎಸ್ಸಿ. ಮಾಡಿದ ನಾನು ಅದರ ಬಾಯಿಗೆ ಬೆರಳು ತೂರಿಸಿದೆ. ತುಂಡು ಬೆರಳ ತುದಿಗೆ ತಾಗಿತು. ತಾಗಿ, ಇನ್ನೂ ಒಳಗೆ ಹೋಯಿತು. ಆಗ ಕೂಗಿಕೊಂಡೆನಂತೆ. ನನಗೆ ನೆನಪಿಲ್ಲ.

"ಕೈ ತಗಿ!"

ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಮಗುವನ್ನು ಕಸಿದುಕೊಂಡಳು. ತಲೆ ಕೆಳಗಾಗುವಂತೆ ತೊಡೆಯ ಮೇಲೆ ಬೋರಲು ಹಾಕಿ, ಬೆನ್ನಿನ ನಡುವೆ ಅಂಗೈಯಿಂದ ಹೊಡೆದಳು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ತುಂಡು ನೆಲಕ್ಕೆ ಬಿತ್ತು. ಮಗು ಮನೆ ಹಾರಿಹೋಗುವಂತೆ ಅತ್ತಿತು. ನಾನೂ ಅತ್ತೆ. ಗಂಟಲಿಗೆ ಏನಾದರೂ ಸಿಕ್ಕರೆ ಹೀಗೆ ಬೆನ್ನಿಗೆ ಹೊಡೆಯಬೇಕೆಂದು ಲಸಿಕೆ ಹಾಕುವ ನರ್ಸ್ ಅವಳಿಗೆ ತೋರಿಸಿಕೊಟ್ಟಿದ್ದರಂತೆ.

ತಕ್ಷಣ ಡಾಕ್ಟರರ ಬಳಿಗೆ ಓಡಿದೆವು. ಅವರು ಎದೆಯ ಸದ್ದು ಕೇಳಿ, ಅಪಾಯವಿಲ್ಲ ಎಂದ ಮೇಲೆ ಹಲ್ಲಿನ ವಿಷಯಕ್ಕೆ ಬಂದರು. ಹದಿಮೂರು ತಿಂಗಳಿಗೆ ಹಲ್ಲು ಬಾರದಿದ್ದರೆ ಗಾಬರಿ ಬೇಡ, ಕೆಲವು ಮನೆತನಗಳಲ್ಲೇ ತಡ. ವರ್ಷ ತುಂಬಿದೆ, ದಂತವೈದ್ಯರಿಗೆ ಒಮ್ಮೆ ತೋರಿಸಿ. ಹದಿನೆಂಟು ತಿಂಗಳಾದರೂ ಒಂದೂ ಬರದಿದ್ದರೆ ಖಂಡಿತ ಬನ್ನಿ. ಬೆಳವಣಿಗೆ, ಕೂದಲು, ನಡಿಗೆಯೂ ಹಿಂದೆ ಬಿದ್ದಂತೆ ಕಂಡರೆ ಅಲ್ಲಿಯವರೆಗೂ ಕಾಯಬೇಡಿ. ಉತ್ತತ್ತಿ ಗಟ್ಟಿಯದೂ ಬೇಡ, ನೆನೆಸಿದ್ದೂ ಬೇಡ. ಎರಡು ನಿಮಿಷದ ಮಾತು. ಮೊದಲೇ ಕೇಳಬಹುದಿತ್ತು.

ರಿಕ್ಷಾದಲ್ಲಿ ಬರುವಾಗ, ಡಾಕ್ಟರರ ಮುಂದೆ ನಾನು ಹೇಳಿದ್ದನ್ನು ಹಿಡಿದು, ಕೆಳಗಷ್ಟೇ ಯಾಕೆ ತಿಕ್ಕಿದೆ ಎಂದು ಅಕ್ಕ ಕೇಳಿದಳು. ಇದ್ದದ್ದನ್ನು ಹೇಳಿದೆ. ಅವಳು ಮಗುವನ್ನು ಎದೆಗೊತ್ತಿಕೊಂಡು ನನ್ನತ್ತ ತಿರುಗಿದಳು.

"ಮತ್ತ ನಿನಗ ಏನೂ ಆಗ್ಲಿಲ್ಲಲಾ, ಗಿರಿ? ಭಾಳ ಛಲೋ ಆತು ಬಿಡು."

ಹಲ್ಲು ಇನ್ನೂ ಬಂದಿಲ್ಲ. ನಾನು ಈಗಲೂ ಭಾನುವಾರ ಹೋಗುತ್ತೇನೆ. ಅಕ್ಕ ಬಾಗಿಲಲ್ಲೇ ನಿಲ್ಲಿಸಿ ನನ್ನ ಎರಡೂ ಅಂಗೈ ನೋಡುತ್ತಾಳೆ, ಆಮೇಲೆ ಜೇಬು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಗುವನ್ನು ಕೊಡುತ್ತಾಳೆ. ಕೊಟ್ಟು, ಎದುರಿಗೇ ಕೂರುತ್ತಾಳೆ.